ನನ್ನ ತಲೆ, ನನ್ನ ಇಷ್ಟ: ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಹೋದ ಸಂಚಿಕೆಯಲ್ಲಿ ಹೆಲ್ಮೆಟ್ ದಂಡದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಮಂಡ್ಯ, ಮೈಸೂರು ಕಡೆಯಿಂದ ಸುಮಾರು ಜನ ಒಂದೇ ಮಾತು ಕೇಳಿದ್ದಾರೆ. ನನ್ನ ಜೀವಕ್ಕೆ ನಾನು ಹೊಣೆ, ಮಧ್ಯೆ ಸರ್ಕಾರಕ್ಕೇನು ಕೆಲಸ? ಹಾಗಾಗಿ ಇವತ್ತು ಪೂರ್ತಿ ಅಂಕಣ ಇದಕ್ಕೇ. ಪೋಡಿ, ಪಹಣಿ, ಆಸ್ತಿ ಪಾಲು ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ತಾಳಿಕೊಳ್ಳಿ.

ಪ್ರಶ್ನೆ: ನನಗೆ 24 ವರ್ಷ, ಮದ್ದೂರು ತಾಲ್ಲೂಕಿನವನು. ಡೈರಿಗೆ ಹಾಲು ಹಾಕಿ ವಾಪಸ್ ಬರುವಾಗ ಹೆಲ್ಮೆಟ್ ಇಲ್ಲ ಅಂತ 500 ರೂಪಾಯಿ ದಂಡ ಹಾಕಿದರು. ನಾನು ಯಾರಿಗೂ ಗುದ್ದಿರಲಿಲ್ಲ, ಕುಡಿದಿರಲಿಲ್ಲ, ಲೈಸೆನ್ಸ್, ಇನ್ಶೂರೆನ್ಸ್ ಎಲ್ಲಾ ಸರಿಯಿತ್ತು. ಬಿದ್ದರೆ ಒಡೆಯೋದು ನನ್ನ ತಲೆ, ಪಕ್ಕದವರದ್ದಲ್ಲ. ಸಿಗರೇಟು ಅಂಗಡಿಯಲ್ಲಿ ಸಿಗುತ್ತೆ, ಬಾರ್ ಬಾಗಿಲು ತೆಗೆದಿರುತ್ತೆ, ನನ್ನ ತಲೆ ಮೇಲೆ ಮಾತ್ರ ಸರ್ಕಾರಕ್ಕೆ ಇಷ್ಟು ಕಾಳಜಿ ಯಾಕೆ? ಇದು ನನ್ನ ಸ್ವಾತಂತ್ರ್ಯಕ್ಕೆ ಧಕ್ಕೆ ಅಲ್ವಾ ಮೇಡಂ?

ಉತ್ತರ: ಧಕ್ಕೆಯೇ ಕಣಪ್ಪ. ಇಲ್ಲ ಅಂತ ನಾನು ಹೇಳುವುದಿಲ್ಲ. ನಿನ್ನ ತಲೆ ಮೇಲೆ ಏನಿರಬೇಕು ಅಂತ ಇನ್ನೊಬ್ಬರು ಹೇಳಿ, ಕೇಳದಿದ್ದರೆ ದುಡ್ಡು ವಸೂಲಿ ಮಾಡಿದರೆ ಅದು ನಿನ್ನ ಸ್ವಾತಂತ್ರ್ಯಕ್ಕೆ ಕೈ ಹಾಕಿದ ಹಾಗೆಯೇ. ಅಷ್ಟು ಮಾಡುವುದಕ್ಕೆ ತಕ್ಕ ಕಾರಣ ಇದೆಯಾ ಅಂತ ನಾವು ನೋಡಬೇಕು.

ನೀನು ಕೇಳಿದ್ದನ್ನೇ ಕೇಳಿಕೊಂಡು ಸುಪ್ರೀಂ ಕೋರ್ಟ್‌ವರೆಗೆ ಹೋದವರಿದ್ದಾರೆ. ಹೈದರಾಬಾದಿನಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿದಾಗ ಹೂಡಿದ ಕೇಸು ಅದು, ಅಜಯ್ ಕಾನು ಕೇಸು ಅನ್ನುತ್ತೇವೆ. 1988ರಲ್ಲಿ ತೀರ್ಪು ಬಂತು. ಈ ನಿಯಮ ಇರುವುದು ಸವಾರನ ಒಳಿತಿಗೆ, ಇದರಿಂದ ಅವನ ಓಡಾಟದ ಹಕ್ಕಿಗೆ ಅಡ್ಡಿಯಾಗುವುದಿಲ್ಲ ಅಂತ ಕೋರ್ಟ್ ಹೇಳಿತು. ಅದೇ 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರವೇ ನಿನಗೆ ಈಗ ದಂಡ ಬಿದ್ದಿರುವುದು. 2019ರ ತಿದ್ದುಪಡಿಯಲ್ಲಿ ದಂಡ 1000 ಅಂತ ಇತ್ತು, ನಮ್ಮ ರಾಜ್ಯದಲ್ಲಿ ಅದನ್ನು 500ಕ್ಕೆ ಇಳಿಸಿದರು.

ಅಮೆರಿಕದವರು ಇದೇ ವಿಷಯಕ್ಕೆ ನಮಗಿಂತ ಜಾಸ್ತಿ ಜಗಳ ಆಡಿದ್ದಾರೆ. ಅಲ್ಲಿ ಇವತ್ತಿಗೂ ಇಲಿನಾಯ್, ಅಯೋವಾ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಾನೂನೇ ಇಲ್ಲ. ಆದರೆ ಮ್ಯಾಸಚೂಸೆಟ್ಸ್‌ನಲ್ಲಿ 1972ರಲ್ಲಿ ಒಬ್ಬ ಸವಾರ ನಿನ್ನ ಹಾಗೆಯೇ ವಾದ ಮಾಡಿದಾಗ ಕೋರ್ಟ್ ಒಪ್ಪಲಿಲ್ಲ. ನೀನು ಬಿದ್ದ ಗಳಿಗೆಯಿಂದ ನಿನ್ನನ್ನು ರಸ್ತೆಯಿಂದ ಎತ್ತುವುದು, ಆಸ್ಪತ್ರೆಗೆ ಸೇರಿಸುವುದು, ಕೆಲಸಕ್ಕೆ ಬಾರದವನಾದರೆ ನಿನ್ನನ್ನೂ ನಿನ್ನ ಮನೆಯವರನ್ನೂ ಸಾಕುವುದು ಎಲ್ಲಾ ಸಮಾಜವೇ, ಹಾಗಿರುವಾಗ ಇದು ನಿನ್ನೊಬ್ಬನ ವಿಷಯ ಹೇಗಾಯಿತು ಅನ್ನುವುದು ಆ ತೀರ್ಪಿನ ಸಾರ. ಮಿಶಿಗನ್ ರಾಜ್ಯ 2012ರಲ್ಲಿ ಇದಕ್ಕೆ ಇನ್ನೊಂದು ದಾರಿ ಹುಡುಕಿತು. 21 ತುಂಬಿದವನು 20 ಸಾವಿರ ಡಾಲರಿನ ವೈದ್ಯಕೀಯ ವಿಮೆ ಮಾಡಿಸಿಕೊಂಡಿದ್ದರೆ, ಇನ್ನೊಂದೆರಡು ಷರತ್ತು ಪೂರೈಸಿದ್ದರೆ, ಹೆಲ್ಮೆಟ್ ಇಲ್ಲದೆ ಹೋಗಬಹುದು ಅಂದಿತು.

ನಿನಗೆ ಮಿಶಿಗನ್ ದಾರಿ ಇಷ್ಟ ಆಗಬಹುದು. ಕಾನೂನು ಓದುವ ಕಾಲದಲ್ಲಿ ನಾನೂ ಹೀಗೇ ಯೋಚನೆ ಮಾಡುತ್ತಿದ್ದೆ, ಖರ್ಚು ಭರಿಸುವವನಿಗೆ ಆಯ್ಕೆ ಬಿಡಲಿ ಅಂತ. ಮಂಡ್ಯ ಕೋರ್ಟಿನಲ್ಲಿ ಅಪಘಾತ ಪರಿಹಾರದ ಕೇಸು ಹಿಡಿಯಲು ಶುರು ಮಾಡಿದ ಮೇಲೆ ನನ್ನ ಮನಸ್ಸು ಬದಲಾಯಿತು. ಒಂದು ಕೇಸು ಹೇಳುತ್ತೇನೆ. ಹೆಸರು, ಊರು ಬೇಡ. ಆಲೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ, ನಿನ್ನದೇ ವಯಸ್ಸು, ಮದುವೆಯಾಗಿ ಒಂದೂವರೆ ವರ್ಷ. ಮನೆಯಿಂದ ಆಲೆಮನೆ ಒಂದು ಮೈಲಿ ಕೂಡ ಇಲ್ಲ. ಕಬ್ಬಿನ ಗಾಡಿಯಿಂದ ಜಾರಿ ಬಿದ್ದಿದ್ದ ನಾಲ್ಕು ಜಲ್ಲೆ ಕತ್ತಲಲ್ಲಿ ಕಾಣಲಿಲ್ಲ, ಅವನ ಗಾಡಿ ಮಗುಚಿತು. ಮೈಮೇಲೆ ಎಲ್ಲೂ ಗಾಯವಿಲ್ಲ, ತಲೆಗೆ ಮಾತ್ರ ಪೆಟ್ಟು. ಹೆಂಡತಿ ನನ್ನ ಆಫೀಸಿಗೆ ಬಂದಾಗ ಫೋಟೊಗಳ ಒಂದು ಕವರ್ ತಂದಿದ್ದಳು. ಬಿದ್ದ ಗಾಡಿಯ ಫೋಟೊದಲ್ಲಿ ಕನ್ನಡಿಗೆ ಹೆಲ್ಮೆಟ್ ನೇತುಹಾಕಿತ್ತು. ಮುಂದಿನ ಗಾಜಿಗೆ ಅಂಗಡಿಯವರು ಅಂಟಿಸಿದ ತೆಳು ಪ್ಲಾಸ್ಟಿಕ್ಕನ್ನು ಕೂಡ ಕಿತ್ತಿರಲಿಲ್ಲ. ಅವಳು ಅದರ ಮೇಲೆ ಬೆರಳಿಟ್ಟು ಹೇಳಿದಳು, "ಇದನ್ನ ನಾನೇ ತೆಕ್ಕೊಟ್ಟಿದ್ದು ಅಕ್ಕ." ಆ ಹುಡುಗ ಸತ್ತಿರಲಿಲ್ಲ ಕಣಪ್ಪ. ಅವನಿಗೆ ಅವಳು ಯಾರು ಅನ್ನುವುದೇ ಗೊತ್ತಾಗುತ್ತಿರಲಿಲ್ಲ, ಅನ್ನ ಕಲಸಿ ಬಾಯಿಗಿಡಬೇಕಿತ್ತು. ಮಿಶಿಗನ್‌ನ ವಿಮೆ ಅವನ ಹತ್ತಿರ ಇದ್ದಿದ್ದರೂ ಆಸ್ಪತ್ರೆಯ ಬಿಲ್ಲು ತೀರುತ್ತಿತ್ತು, ಅಷ್ಟೇ.

"ನನ್ನ ತಲೆ" ಅಂತ ಬರೆದಿದ್ದೀಯಲ್ಲ, ಹಿಂದೆ ಕೂತವರ ತಲೆ ಯಾರದು? 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ 14,337 ಜನ ಗಾಡಿ ಓಡಿಸುತ್ತಿದ್ದವರಲ್ಲ, ಹಿಂದೆ ಕೂತಿದ್ದವರು. ಅವರ ಪೈಕಿ ಸಂತೆಗೆ ಹೊರಟ ತಾಯಂದಿರು, ಕಾಲೇಜಿಗೆ ಹೊರಟ ತಂಗಿಯರು ಎಷ್ಟು ಜನ ಇರಬಹುದು ಅಂತ ಯೋಚನೆ ಮಾಡು. ಅವರಿಗೆ ನಿನ್ನಷ್ಟು ಆಯ್ಕೆ ಇತ್ತಾ? ಮನೆಯಲ್ಲಿ ಒಂದೇ ಹೆಲ್ಮೆಟ್ ಇದ್ದರೆ ಅದು ಯಾರ ತಲೆಗೆ ಹೋಗುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದಕ್ಕೇ 2016ರಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದಾಗ ಎಷ್ಟೋ ಜನ ಬೈದರೂ ನನಗೆ ಸಮಾಧಾನ ಆಗಿತ್ತು.

ಇನ್ನು ಸಿಗರೇಟಿನ ಮಾತು. ನೀನು ಹೋಲಿಸಿದ್ದು ಸರಿಯೇ, ಆದರೆ ಅವೆರಡೂ ಒಂದೇ ಥರ ಅಲ್ಲ. ಸಿಗರೇಟು ಸೇದುವವನಿಗೆ ಬಿಡಲು ವರ್ಷಗಟ್ಟಲೆ ಸಮಯ ಸಿಗುತ್ತದೆ, ನಾಳೆ ಬಿಟ್ಟರೂ ಸ್ವಲ್ಪ ಲಾಭ ಇದ್ದೇ ಇದೆ. ತಲೆಗೆ ಬಿದ್ದ ಪೆಟ್ಟಿಗೆ ನಾಳೆ ಅನ್ನುವುದೇ ಇಲ್ಲ. ಸಿಗರೇಟು ಪೂರ್ತಿ ನಿಲ್ಲಿಸಬೇಕಾದರೆ ಪೊಲೀಸರು ಮನೆಮನೆಗೆ ನುಗ್ಗಬೇಕು, ಹೆಲ್ಮೆಟ್‌ಗೆ ಗಲ್ಲದ ಕೆಳಗೆ ಒಂದು ಪಟ್ಟಿ ಬಿಗಿದರೆ ಆಯಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಹೇಳುವುದು ಏನೆಂದರೆ, ಹೆಲ್ಮೆಟ್ ಹಾಕಿದರೆ ಅಪಘಾತದಲ್ಲಿ ಸಾಯುವ ಸಂಭವ ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಶೇ 69ರಷ್ಟು ಕಡಿಮೆ ಆಗುತ್ತದೆ. ನಿನ್ನಿಂದ ಕೇಳುವುದು ಇಷ್ಟು ಕಡಿಮೆ, ಉಳಿಯುವುದು ಅಷ್ಟು ಜಾಸ್ತಿ. ಇಂಥ ಕಡೆ ಕಾನೂನು ಅಡ್ಡ ನಿಂತರೆ ಅದನ್ನು ನಾನು ಒಪ್ಪುತ್ತೇನೆ. ನಿನ್ನ ಇಡೀ ಬದುಕನ್ನು ಅದು ನಡೆಸಲು ಬಂದರೆ ಒಪ್ಪುವುದಿಲ್ಲ.

ಒಂದು ವಿಷಯದಲ್ಲಿ ನಾನು ನಿನ್ನ ಪರ. ಪೊಲೀಸರು ಅಡ್ಡ ಹಾಕಿದಾಗ ತೋರಿಸಲಿಕ್ಕೆ ಅಂತ ರಸ್ತೆ ಬದಿಯಲ್ಲಿ ಅರ್ಧ ಹೆಲ್ಮೆಟ್ ಮಾರುತ್ತಾರಲ್ಲ, ಕಿವಿಯ ಮೇಲಕ್ಕೇ ನಿಲ್ಲುವ ಟೋಪಿ, ಅದನ್ನು ಹಾಕಿದವನನ್ನು ಬಿಟ್ಟು ಕಳಿಸಿ ನಿನಗೆ ರಸೀದಿ ಹರಿದಿದ್ದರೆ ಆ ದಂಡ ತಲೆ ಉಳಿಸಲು ಹಾಕಿದ್ದು ಅನ್ನಿಸುವುದಿಲ್ಲ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 4151 ಅಂತ ಬರೆದಿರುವ ಹೆಲ್ಮೆಟ್ ತೆಗೆದುಕೋ. ಪಟ್ಟಿ ಬಿಗಿ. ಪಟ್ಟಿ ಬಿಗಿಯದ ಹೆಲ್ಮೆಟ್ ಕಾನೂನಿನ ಪ್ರಕಾರವೂ ಹೆಲ್ಮೆಟ್ ಅಲ್ಲ, ಬೀಳುವಾಗ ನಿನಗಿಂತ ಮೊದಲು ಅದೇ ಹಾರಿ ಹೋಗುತ್ತದೆ.

ಪ್ರಶ್ನೆ: ನಾವು ಮಂಡ್ಯ ತಾಲ್ಲೂಕಿನ ರೈತರು. ಬೆಂಗಳೂರು ಮೈಸೂರು ಹೆದ್ದಾರಿ ನಮ್ಮ ಜಮೀನಿನ ಪಕ್ಕದಲ್ಲೇ ಹೋಗಿದೆ. ನಮ್ಮ ಬೈಕು, ಆಟೊ, ಟ್ರ್ಯಾಕ್ಟರನ್ನು ಅದರ ಮೇಲೆ ಬಿಡುವುದಿಲ್ಲ. ಕೇಳಿದರೆ ನಿಮ್ಮ ಸುರಕ್ಷತೆಗೇ ಅನ್ನುತ್ತಾರೆ. ನಮ್ಮ ಮಣ್ಣಿನ ಮೇಲೆ ರಸ್ತೆ ಮಾಡಿ ನಮ್ಮನ್ನೇ ಹೊರಗಿಡುವುದು ಯಾವ ನ್ಯಾಯ?

ಉತ್ತರ: ಯಜಮಾನರೇ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಆ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು ಮುಖ್ಯ ರಸ್ತೆಗೆ ಇಳಿಯಬಾರದು ಅಂತ ಆದೇಶ ಬಂತು. ನೂರು ಕಿಲೊಮೀಟರ್ ವೇಗದಲ್ಲಿ ಬರುವ ಕಾರಿಗೆ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇಲ್ಲಿ ಅಪಾಯ ಬರೀ ನಿಮ್ಮದಲ್ಲ, ಕಾರಿನಲ್ಲಿರುವ ಮಕ್ಕಳದ್ದೂ ಹೌದು. ಹಾಗಾಗಿ ಇದು ಹೆಲ್ಮೆಟ್‌ನ ಥರದ ನಿಯಮ ಕೂಡ ಅಲ್ಲ. ನಿಷೇಧ ತಪ್ಪು ಅಂತ ನಾನು ಹೇಳಲಾರೆ.

ಆದರೆ ಒಂದು ದಾರಿಗೆ ಹೋಗಬೇಡ ಅನ್ನುವವರು ಇನ್ನೊಂದು ದಾರಿಯನ್ನು ಸರಿಯಾಗಿ ಕೊಡಬೇಕು. ಸರ್ವಿಸ್ ರಸ್ತೆ ಅಲ್ಲಲ್ಲಿ ತುಂಡಾಗಿದ್ದರೆ, ಮಳೆ ಬಂದಾಗ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಂತರೆ, ರಾತ್ರಿ ದೀಪ ಇಲ್ಲದಿದ್ದರೆ, ನಿಮ್ಮನ್ನು ಒಂದು ಅಪಾಯದಿಂದ ತೆಗೆದು ಇನ್ನೊಂದಕ್ಕೆ ಹಾಕಿದಂತಾಯಿತು. ಇದನ್ನು ಬಾಯಲ್ಲಿ ಹೇಳಿಕೊಂಡು ಕೂರಬೇಡಿ. ಎಲ್ಲಿ ರಸ್ತೆ ತುಂಡಾಗಿದೆ, ಎಲ್ಲಿ ನೀರು ನಿಲ್ಲುತ್ತದೆ ಅಂತ ಜಾಗದ ಹೆಸರು ಹಾಕಿ, ಫೋಟೊ ಲಗತ್ತಿಸಿ, ಊರಿನ ಹತ್ತಾರು ಜನ ಸಹಿ ಮಾಡಿ ಜಿಲ್ಲಾಧಿಕಾರಿಗಳಿಗೂ ಹೆದ್ದಾರಿ ಪ್ರಾಧಿಕಾರಕ್ಕೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನಾಳೆ ಕೋರ್ಟಿಗೆ ಹೋಗುವ ಸಂದರ್ಭ ಬಂದರೆ ಆ ಒಂದು ಹಾಳೆಯೇ ಬೇಕಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಪಾಂಡವಪುರ ತಾಲ್ಲೂಕು. ಬೇಸಿಗೆ ರಜೆ ಬಂದರೆ ನಮ್ಮೂರ ಹುಡುಗರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಧುಮುಕುತ್ತಾರೆ. ಪೊಲೀಸರು ಬಂದು ಓಡಿಸುತ್ತಾರೆ, ಅವರು ಹೋದ ಮೇಲೆ ಹುಡುಗರು ಮತ್ತೆ ನೀರಿಗೆ. ನಾವೆಲ್ಲ ಈಜು ಕಲಿತದ್ದೇ ಹೀಗೆ, ಯಾರನ್ನೂ ಕೇಳಿ ಕಲಿಯಲಿಲ್ಲ. ಈಗ ಬೇಲಿ ಹಾಕಿ, ಕೇಸು ಹಾಕಿ ಅನ್ನುವವರೇ ಜಾಸ್ತಿ. ನಿಮ್ಮ ಅಭಿಪ್ರಾಯ ಏನು?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ನನಗೆ ನಮ್ಮೂರ ಬಾವಿ ನೆನಪಾಯಿತು. ನಮ್ಮಣ್ಣ ನನ್ನ ಬೆನ್ನಿಗೆ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದ. ಹೆಣ್ಣುಮಗು ನೀರಿಗೆ ಇಳಿಯಬಾರದು ಅಂತ ಅಜ್ಜಿ ದಡದಲ್ಲಿ ನಿಂತು ಕೂಗಾಡುತ್ತಿದ್ದರು. ಅವತ್ತು ಅಜ್ಜಿಯ ಮಾತು ನಡೆದಿದ್ದರೆ ನಾನು ಇವತ್ತಿಗೂ ನೀರು ಕಂಡರೆ ಹೆದರುತ್ತಿದ್ದೆ. ಹಾಗಾಗಿ ಬೇಡ ಅನ್ನುವುದನ್ನು ಮಾತ್ರ ಕಲಿತವರಿಂದ ಮಕ್ಕಳು ಉಳಿಯುತ್ತಾರೆ ಅಂತ ನಾನು ನಂಬುವುದಿಲ್ಲ. ಈಜು ಬಾರದ ಮಗುವಿಗೆ ಬೇಲಿ ಎಷ್ಟು ದಿನ ಕಾವಲು?

ಆದರೂ ಬಾವಿ ಬೇರೆ, ನಾಲೆ ಬೇರೆ. ನಾಲೆಯ ಪಕ್ಕ ಇಳಿಜಾರು, ಗಾರೆ ಮಾಡಿದ್ದು, ಅದರ ಮೇಲೆ ಪಾಚಿ. ಇಳಿಯುವುದು ಸುಲಭ, ಹತ್ತಲು ಹೋದರೆ ಕಾಲು ನಿಲ್ಲುವುದಿಲ್ಲ, ಉಗುರಿಗೆ ಏನೂ ಸಿಗುವುದಿಲ್ಲ. ಕನ್ನಂಬಾಡಿಯಿಂದ ನೀರು ಜಾಸ್ತಿ ಬಿಟ್ಟ ದಿನ ನಿನ್ನೆ ಸೊಂಟದವರೆಗೆ ಇದ್ದ ಜಾಗದಲ್ಲಿ ಇವತ್ತು ಆಳು ಮುಳುಗುತ್ತಾನೆ, ಮೇಲಿನಿಂದ ನೋಡಿದರೆ ನೀರು ತಣ್ಣಗೆ ಹರಿಯುವ ಹಾಗೇ ಕಾಣುತ್ತದೆ. ಚೆನ್ನಾಗಿ ಈಜು ಬರುವ ಹುಡುಗರೇ ಅಲ್ಲಿ ಜೀವ ಕಳೆದುಕೊಂಡಿರುವುದನ್ನು ನೀವೂ ನೋಡಿರುತ್ತೀರಿ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಸ್ವಾತಂತ್ರ್ಯದ ಬಗ್ಗೆ 1859ರಲ್ಲಿ ಬರೆದಾಗ ಒಂದು ಸೇತುವೆಯ ಉದಾಹರಣೆ ಕೊಟ್ಟಿದ್ದ. ಮುರಿದು ಬೀಳುವ ಸೇತುವೆ ಮೇಲೆ ಒಬ್ಬ ಹೆಜ್ಜೆ ಇಡುತ್ತಿದ್ದಾನೆ, ಎಚ್ಚರಿಸಲು ಸಮಯ ಇಲ್ಲ, ಆಗ ಹಿಡಿದು ಎಳೆದರೆ ಅವನ ಸ್ವಾತಂತ್ರ್ಯ ಕಿತ್ತುಕೊಂಡಂತೆ ಅಲ್ಲ, ಯಾಕೆಂದರೆ ನದಿಗೆ ಬೀಳುವುದು ಅವನ ಇಷ್ಟವೇ ಅಲ್ಲ. ಅಪಾಯ ಗೊತ್ತಿದ್ದೂ ದಾಟಲು ಹೊರಟ ದೊಡ್ಡವನಾದರೆ ಎಚ್ಚರಿಕೆ ಹೇಳಬೇಕು, ಬಲವಂತ ಮಾಡಬಾರದು. ಮಕ್ಕಳಿಗೆ ಈ ಎರಡನೇ ಮಾತು ಅನ್ವಯಿಸುವುದಿಲ್ಲ ಅಂತಲೂ ಅವನೇ ಹೇಳಿದ್ದಾನೆ. ಇದನ್ನು ನಮ್ಮ ಊರಿಗೆ ತಂದು ನೋಡಿ. ಬಲಮುರಿಗೋ ಮುತ್ತತ್ತಿಗೋ ಬೆಂಗಳೂರಿನಿಂದ ಬಂದ ಹುಡುಗನಿಗೆ ಆ ನೀರಿನ ಸುಳಿ ಗೊತ್ತಿರುವುದಿಲ್ಲ. ಅವನನ್ನು ತಡೆಯುವುದು ಸರಿ, ಕೈ ಹಿಡಿದು ಎಳೆದರೂ ಸರಿ. ನಿಮ್ಮೂರಿನ ಹನ್ನೆರಡು ವರ್ಷದ ಮಗುವನ್ನು ತಡೆಯುವುದೂ ಸರಿ. ಆದರೆ ಅದೇ ಊರಿನಲ್ಲಿ ಹುಟ್ಟಿ ಬೆಳೆದು, ಎಲ್ಲಿ ಇಳಿಯಬೇಕು ಎಲ್ಲಿ ಹತ್ತಬೇಕು ಅಂತ ಬಲ್ಲ ಮೂವತ್ತರ ಗಂಡಸಿನ ಮೇಲೆ ಈಜಿದ ಅನ್ನುವ ಒಂದೇ ಕಾರಣಕ್ಕೆ ಕೇಸು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನಾಲೆಯ ಮಾತು ಬಂದರೆ ನನಗೆ ಕನಗನಮರಡಿಯೇ ಕಣ್ಣ ಮುಂದೆ ಬರುತ್ತದೆ. 2018ರ ನವೆಂಬರ್ 24, ಶನಿವಾರ ಮಧ್ಯಾಹ್ನ. ಬಸ್ಸು ನಾಲೆಗೆ ಉರುಳಿ 30 ಜನ ಹೋದರು, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅವರ್ಯಾರೂ ಧುಮುಕಲಿಲ್ಲ ಮೇಷ್ಟ್ರೇ. ಟಿಕೆಟ್ ತಗೊಂಡು ಸೀಟಿನಲ್ಲಿ ಕೂತಿದ್ದರು. ಈಜುವ ಹುಡುಗನಿಗೆ ಲಾಠಿ ತೋರಿಸುವಷ್ಟು ಕಾಳಜಿ ರಸ್ತೆ ಪಕ್ಕದ ತಡೆಗೋಡೆಯ ಮೇಲೂ ಇರಬೇಕಲ್ವಾ? ಜನ ತಾವಾಗಿಯೇ ಮೈಮೇಲೆ ಎಳೆದುಕೊಳ್ಳುವ ಅಪಾಯಕ್ಕೆ ಕಾನೂನು ಮಾಡುವ ಮೊದಲು, ಜನರ ಮೇಲೆ ಹೊರಿಸಿರುವ ಅಪಾಯವನ್ನು ತೆಗೆಯಬೇಕು. ನಾಲೆ ಪಕ್ಕ ರಸ್ತೆ ಇರುವ ಕಡೆಯೆಲ್ಲ ಗೋಡೆ ಬೇಕು, ಊರು ಹತ್ತಿರ ಇರುವ ಕಡೆ ಹತ್ತಲು ಮೆಟ್ಟಿಲು ಬೇಕು, ಹಿಡಿದುಕೊಳ್ಳಲು ಅಡ್ಡಲಾಗಿ ಒಂದು ಸರಪಳಿ ಬೇಕು. ಬಟ್ಟೆ ಒಗೆಯಲು, ದನ ತೊಳೆಯಲು ಹೆಂಗಸರು ಮಕ್ಕಳು ಹೇಗೂ ಅಲ್ಲಿಗೆ ಹೋಗುತ್ತಾರೆ, ಬೇಡ ಅಂತ ಬೋರ್ಡು ಹಾಕಿದ ಮಾತ್ರಕ್ಕೆ ಹೋಗದೆ ಇರುವುದಿಲ್ಲ.

ನಿಮ್ಮ ಕೈಯಲ್ಲಿ ಒಂದು ಕೆಲಸ ಇದೆ. ನಾಲೆಯಲ್ಲಿ ನೀರು ನಿಲ್ಲಿಸಿದ ದಿನಗಳಲ್ಲಿ ಹುಡುಗರನ್ನು ಕರೆದುಕೊಂಡು ಹೋಗಿ ಆ ಇಳಿಜಾರು ಹತ್ತಿಸಿ. ಒಣಗಿದ್ದಾಗಲೇ ಎಷ್ಟು ಜಾರುತ್ತದೆ ಅಂತ ಅವರ ಕಾಲಿಗೇ ಗೊತ್ತಾಗಲಿ. ಮೇಷ್ಟ್ರು ಹೇಳಿದರೆ ಪೊಲೀಸರು ಹೇಳಿದ್ದಕ್ಕಿಂತ ಚೆನ್ನಾಗಿ ಕೇಳುತ್ತಾರೆ.

ಪ್ರಶ್ನೆ: ಮೈಸೂರಿನಿಂದ ಒಬ್ಬ ತಾಯಿ. ಮಗನಿಗೆ 27. ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡಿ ಸಾಲ ಮಾಡಿಕೊಂಡಿದ್ದಾನೆ. ಈಗ ಕಾನೂನು ಬಂದಿದೆ ಅಂತ ಸಮಾಧಾನ ಪಟ್ಟರೆ, ನನ್ನ ಸಂಬಳ ನನ್ನ ಇಷ್ಟ, ಸರ್ಕಾರ ಯಾರು ಕೇಳೋಕೆ ಅಂತ ನನಗೇ ಜೋರು ಮಾಡುತ್ತಾನೆ. ಪೊಲೀಸರಿಗೆ ಹೇಳಿದರೆ ಅವನನ್ನೇ ಹಿಡಿಯುತ್ತಾರಾ ಅಂತ ಭಯ.

ಉತ್ತರ: ಮೊದಲು ಭಯ ಬಿಡಿ ಅಮ್ಮ. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆ ಇಲ್ಲ. ದುಡ್ಡಿನ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಕೊಡುವವರಿಗೂ ಶಿಕ್ಷೆ ಇದೆ. ನಮ್ಮ ರಾಜ್ಯ 2021ರಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಇಂಥ ಆಟ ನಿಲ್ಲಿಸಲು ಹೊರಟಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೇಂದ್ರದ ಕಾಯ್ದೆಯನ್ನು ಪ್ರಶ್ನೆ ಮಾಡಿ ಕೋರ್ಟಿಗೆ ಹೋದವರೂ ಇದ್ದಾರೆ.

ನಿಮ್ಮ ಮಗ ಹೇಳುವುದಕ್ಕೆ ಉತ್ತರ ಈ ಕಾಯ್ದೆಯಲ್ಲೇ ಇದೆ. ಅದು ಅವನನ್ನು ಹಿಡಿಯುವುದಿಲ್ಲ, ಅವನನ್ನು ಹಿಡಿದವರನ್ನು ಹಿಡಿಯುತ್ತದೆ. ಸೋತು ಎದ್ದು ಹೋಗುವವನಿಗೆ ಬೋನಸ್ ತೋರಿಸಿ ಮತ್ತೆ ಕೂರಿಸುವುದು, ಮೊದಲ ನಾಲ್ಕು ಆಟ ಗೆಲ್ಲಿಸಿ ಚಟ ಹತ್ತಿಸುವುದು, ರಾತ್ರಿ ಎರಡು ಗಂಟೆಗೆ ಮೆಸೇಜ್ ಕಳಿಸುವುದು, ಇಷ್ಟೆಲ್ಲ ಮಾಡಿದ ಮೇಲೆ ಅದು ಅವನ ಸ್ವಂತ ಇಷ್ಟ ಅಂತ ನಾನು ಹೇಗೆ ಹೇಳಲಿ? ಊರ ಜಾತ್ರೆಯಲ್ಲಿ ಮೂರೆಲೆ ಆಡಿಸುವವನನ್ನು ಓಡಿಸಿದರೆ ನೋಡುವವರ ಸ್ವಾತಂತ್ರ್ಯ ಹೋಯಿತು ಅಂತ ಯಾರೂ ಅನ್ನುವುದಿಲ್ಲ.

ಅವನ ಜೊತೆ ವಾದ ಮಾಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಫೋನಿಗೆ ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಚಟಕ್ಕೆ ಅಂತಲೇ ಚಿಕಿತ್ಸೆ ಕೊಡುವ ವಿಭಾಗ 2014ರಿಂದ ಇದೆ. ಸಾಲ ಯಾರ ಹತ್ತಿರ, ಎಷ್ಟು, ಬಡ್ಡಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಸಿ. ನಿಮ್ಮ ಒಡವೆ ಅಡವಿಟ್ಟು ಸದ್ದಿಲ್ಲದೆ ತೀರಿಸಲು ಮಾತ್ರ ಹೋಗಬೇಡಿ.

ಪ್ರಶ್ನೆ: ಪಿರಿಯಾಪಟ್ಟಣದ ತಂಬಾಕು ಬೆಳೆಗಾರ. ಸೇದಬೇಡಿ ಅಂತ ಪ್ಯಾಕಿನ ಮೇಲೆ ಚಿತ್ರ ಹಾಕಿಸುವುದೂ ಸರ್ಕಾರ, ನಮ್ಮ ಹೊಗೆಸೊಪ್ಪು ಹರಾಜು ಹಾಕಿಸುವುದೂ ಸರ್ಕಾರದ ಮಂಡಳಿ. ಇದಕ್ಕೇನು ಹೇಳುತ್ತೀರಿ?

ಉತ್ತರ: ಇದು ಸರಿಯಲ್ಲ ಅಂತಲೇ ಹೇಳುತ್ತೇನೆ. ಪ್ಯಾಕಿನ ಶೇ 85 ಭಾಗ ಎಚ್ಚರಿಕೆಯ ಚಿತ್ರ ಇರಬೇಕು ಅಂತ 2016ರಲ್ಲಿ ಬಂದ ನಿಯಮ ಒಳ್ಳೆಯದು, ತಿಳಿಸಿ ಹೇಳಿ ಆಮೇಲೆ ದೊಡ್ಡವರ ಆಯ್ಕೆಗೆ ಬಿಡುವುದು ನನಗೆ ಒಪ್ಪಿಗೆ. ಬಸ್ ಸ್ಟ್ಯಾಂಡಿನಲ್ಲಿ ಸೇದಬಾರದು ಅನ್ನುವುದಂತೂ ಪಕ್ಕದವರ ಉಸಿರಿನ ಪ್ರಶ್ನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಪಿರಿಯಾಪಟ್ಟಣ, ಹುಣಸೂರಿನ ರೈತರು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಬಿಟ್ಟು ಬೇರೆ ಬೆಳೆಗೆ ಹೋಗಲು ನಂಬಿಕೆಯ ಬೆಲೆ, ಕೊಳ್ಳುವ ಕೈ ಬೇಕು. ಅದನ್ನು ಕೊಡದೆ ಬೆಳೆಯಬೇಡಿ ಅಂದರೆ ಅನ್ಯಾಯ.

ಪ್ರಶ್ನೆ: ನನಗೆ 71. ಕೃಷ್ಣರಾಜ ಮೊಹಲ್ಲಾದಲ್ಲಿ ಮಗಳ ಮನೆಯಲ್ಲಿದ್ದೇನೆ. ನಲವತ್ತು ವರ್ಷದಿಂದ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಕೊಂಡು ಬಂದವಳು. ಬಿಪಿ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ. ಈಗ ಮಗಳು ಅಳಿಯ ಇಬ್ಬರೂ ಬೇಡ, ಬಿದ್ದರೆ ಯಾರು ನೋಡುತ್ತಾರೆ ಅನ್ನುತ್ತಾರೆ. ಹೀಗೆ ತಡೆಯಲು ಅವರಿಗೆ ಕಾನೂನಿನಲ್ಲಿ ಹಕ್ಕಿದೆಯಾ?

ಉತ್ತರ: ಇಲ್ಲ ಅಮ್ಮ. ನಿಮ್ಮ ಕಾಲು, ನಿಮ್ಮ ದೇವರು, ನಿಮ್ಮ ಬೆಟ್ಟ. ಬುದ್ಧಿ ಸ್ಥಿಮಿತದಲ್ಲಿರುವ ದೊಡ್ಡವರನ್ನು ಮನೆಯಲ್ಲಿ ಹಿಡಿದಿಡುವ ಹಕ್ಕು ಮಕ್ಕಳಿಗೆ ಯಾವ ಕಾನೂನೂ ಕೊಟ್ಟಿಲ್ಲ.

ನಿಮಗೆ ಒಬ್ಬ ಹಿರಿಯರ ವಿಷಯ ಹೇಳಬೇಕು. ನಿಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು, ಹೈಕೋರ್ಟ್ ನ್ಯಾಯಮೂರ್ತಿಯಾಗಿ ನಿವೃತ್ತರಾದವರು, ಕೆ.ಎಸ್. ಪುಟ್ಟಸ್ವಾಮಿ ಅಂತ. 86 ವರ್ಷ ಆದಾಗ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಾಗ ಅವರಿಗೆ 91. ತನ್ನ ಬದುಕಿನ ಸ್ವಂತ ತೀರ್ಮಾನಗಳನ್ನು ತಾನೇ ಮಾಡಿಕೊಳ್ಳುವುದೂ ಆ ಹಕ್ಕಿನ ಒಳಗೇ ಬರುತ್ತದೆ. ಆ ವಯಸ್ಸಿನಲ್ಲಿ ನಿಮಗೆ ಯಾಕೆ ಈ ಓಡಾಟ ಅಂತ ಅವರಿಗೂ ಯಾರಾದರೂ ಹೇಳಿರಬಹುದು.

ನಿಮ್ಮ ಮಗಳಿಗೂ ಒಂದು ಮಾತು, ಪತ್ರಿಕೆ ಅವರ ಕೈಗೂ ಕೊಡಿ. ತಾಯಿ ಬೀಳುತ್ತಾರೆ ಅನ್ನುವ ಭಯ ಸುಳ್ಳಲ್ಲ. ಮೇಲೆ ನಾನು ಹೆಲ್ಮೆಟ್‌ಗೆ ಹೂಂ ಅಂದು ಇಲ್ಲಿ ಮೆಟ್ಟಿಲಿಗೆ ಯಾಕೆ ಅಡ್ಡಿ ಇಲ್ಲ ಅನ್ನುತ್ತಿದ್ದೇನೆ ಅಂತ ನೀವು ಕೇಳಬಹುದು. ಹೆಲ್ಮೆಟ್ ಹಾಕಿದವನು ಹೊರಟ ಊರಿಗೆ ಹೋಗಿಯೇ ಹೋಗುತ್ತಾನೆ, ಅವನಿಂದ ಕಿತ್ತುಕೊಂಡದ್ದು ತಲೆಗೆ ತಾಗುವ ಗಾಳಿ, ಅಷ್ಟೇ. ನಿಮ್ಮ ತಾಯಿಗೆ ಬೆಟ್ಟ ಬೇಡ ಅಂದರೆ ಹೊರಡುವುದೇ ಇಲ್ಲ. ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತಾ ಹತ್ತುವ ಹೆಂಗಸರನ್ನು ನೀವು ಆಷಾಢದಲ್ಲಿ ನೋಡಿರುತ್ತೀರಿ. ಬಗ್ಗಿ, ಎದ್ದು, ಸಾವಿರ ಸಲ. ಅವರ ಪೈಕಿ ಎಷ್ಟು ಜನಕ್ಕೆ ಮಂಡಿ ನೋವಿಲ್ಲ ಹೇಳಿ? ಅದನ್ನು ತೆಗೆದುಬಿಟ್ಟರೆ ಅವರಿಗೆ ವಾರದಲ್ಲಿ ಉಳಿಯುವುದು ಟಿವಿ, ಮಾತ್ರೆ.

ಅಮ್ಮ, ನೀವೂ ಅವರಿಗೆ ಸ್ವಲ್ಪ ಅನುಕೂಲ ಮಾಡಿಕೊಡಿ. ಡಾಕ್ಟರ ಹತ್ತಿರ ಒಂದು ಸಲ ತೋರಿಸಿ ಕೇಳಿಕೊಳ್ಳಿ. ಮಳೆ ಬಂದು ಕಲ್ಲು ಒದ್ದೆಯಾದ ದಿನ ಬೇಡ. ಬೆಳಗ್ಗೆ ಜನ ಓಡಾಡುವ ಹೊತ್ತಿನಲ್ಲಿ ಹೊರಡಿ, ಫೋನ್ ಸೊಂಟದ ಚೀಲದಲ್ಲಿರಲಿ. ನಂದಿಯವರೆಗೆ ಹೋದರೆ ಮುಕ್ಕಾಲು ಪಾಲು ಮುಗಿಯಿತು ಅನ್ನಿ, ಅಲ್ಲಿ ಕೂತು ನೀರು ಕುಡಿದು ಮಗಳಿಗೆ ಫೋನ್ ಮಾಡಿ, ಆಮೇಲೆ ಉಳಿದದ್ದು ಹತ್ತಿ. ಇಳಿಯುವುದು ಮಾತ್ರ ಬಸ್ಸಿನಲ್ಲಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವಾಗಲೇ ಪೆಟ್ಟು ಜಾಸ್ತಿ.